ಹಾಸ್ಟೆಲಿನಲ್ಲಿ ನಿದ್ದೆ ಕೆಟ್ಟಾಗ: ಅಂತ್ರದಿಂದ ಓಪಿಡಿವರೆಗೆ

ಹಾಜರಾತಿ ವಿನಾಯಿತಿಗೆ ಕೊಟ್ಟಿದ್ದ ನನ್ನ ಅರ್ಜಿಗೆ ಕಳೆದ ವಾರ ಸಹಿ ಬಿತ್ತು. ದಸರಾ ರಜೆ ಮುಗಿಸಿ ಬಂದ ಮೇಲೆ ಶುರುವಾಗಿದ್ದ ನಿದ್ದೆಯ ರಾಮಾಯಣ ಕಾಗದಪತ್ರದ ಮಟ್ಟಿಗೆ ಅಲ್ಲಿಗೆ ಮುಗಿಯಿತು. ಈ ನಡುವೆ ಹಾಸ್ಟೆಲಿನ ಒಬ್ಬಿಬ್ಬರು ಜೂನಿಯರ್‌ಗಳು ಬಂದು, "ಅಕ್ಕಾ, ನಿದ್ದೆಗೆ ಯಾವ ಡಾಕ್ಟರ್ ಹತ್ರ ಹೋಗಿದ್ರಿ? ಚೀಟಿ ಎಲ್ಲಿ ಮಾಡಿಸೋದು? ಮನೇಲಿ ಏನಂತ ಹೇಳಿದ್ರಿ?" ಎಂದು ಕೇಳಿದರು. ಮೊದಲೆರಡಕ್ಕೆ ನಿಂತಲ್ಲೇ ಉತ್ತರ ಕೊಟ್ಟೆ. ಮೂರನೆಯದು ಉದ್ದ. ಅದಕ್ಕೇ ಬರೆದಿಡುತ್ತಿದ್ದೇನೆ.

ನಾನು ಮೈಸೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಊರು ಅರಸೀಕೆರೆ ಕಡೆಯ ಹಳ್ಳಿ. ಹಾಸ್ಟೆಲ್ ರೂಮಿನಲ್ಲಿ ಮೂವರು. ನಮ್ಮ ಕಡೆ ಓದುವ ಮಕ್ಕಳಿಗೆ ಹೇಳಿಕೊಡುವ ಮೊದಲ ಪಾಠ ಎಂದರೆ ಬೆಳಗಿನ ಜಾವ ನಾಲ್ಕಕ್ಕೆ ಏಳುವುದು. ಬ್ರಾಹ್ಮೀ ಮುಹೂರ್ತದಲ್ಲಿ ಓದಿದ್ದು ತಲೆಗೆ ಹತ್ತುತ್ತದೆ, ಬಿಸಿಲೇರಿದ ಮೇಲೆ ಓದಿದ್ದು ನಿಲ್ಲುವುದಿಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ ಎರಡನ್ನೂ ಹಾಗೇ ದಾಟಿದವಳು ನಾನು. ಆಗ ಮನೆಯಲ್ಲಿ ಎಂಟಕ್ಕೆ ಮುದ್ದೆ ಉಂಡು ಒಂಬತ್ತಕ್ಕೆ ದೀಪ ಆರಿಸುತ್ತಿದ್ದೆವು. ಹಾಸ್ಟೆಲಿಗೆ ಬರುವಾಗ ನಾಲ್ಕರ ಅಲಾರಂ ನನ್ನ ಜೊತೆ ಬಂತು, ಒಂಬತ್ತರ ಕತ್ತಲೆ ಊರಲ್ಲೇ ಉಳಿಯಿತು. ಇಲ್ಲಿ ಮೆಸ್ಸಿನ ಊಟವೇ ಎಂಟೂವರೆಗೆ. ಆಮೇಲೆ ಬಟ್ಟೆ ಒಗೆಯುವುದು, ಬಕೆಟ್ಟಿನ ಸರದಿ, ಫೋನು, ಕಾರಿಡಾರಿನ ಹರಟೆ. ಹನ್ನೆರಡೂವರೆಗೆ ಮುಂಚೆ ಯಾರ ತಲೆಯೂ ದಿಂಬಿಗೆ ತಾಗುವುದಿಲ್ಲ.

ಮಧ್ಯಾಹ್ನ ಲ್ಯಾಬಿನಲ್ಲಿ ತೂಕಡಿಕೆ, ಅದಕ್ಕೆ ಸಂಜೆ ಕ್ಯಾಂಟೀನ್ ಕಾಫಿ, ರಾತ್ರಿ ಇನ್ನೊಂದು. ನವೆಂಬರ್ ಕೊನೆಯ ಹೊತ್ತಿಗೆ ನಿದ್ದೆಗೆಟ್ಟು ಕೂರುವ ಕಾಲ ಹೋಗಿ, ಮಲಗಿದರೂ ನಿದ್ದೆ ಬಾರದ ಕಾಲ ಬಂತು. ಹನ್ನೊಂದಕ್ಕೇ ಹಾಸಿಗೆ ಸೇರಿದರೂ ಎರಡರವರೆಗೆ ಗೋಡೆ ನೋಡುವುದು. "ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಬರುತ್ತೆ ಮಗಾ, ನಿನಗೇನು ಚಿಂತೆ?" ಎಂದು ಅಜ್ಜಿ ಫೋನಿನಲ್ಲಿ ಕೇಳಿದರು. ನನಗಿರುವ ಚಿಂತೆ ಯಾವುದೆಂದು ಹುಡುಕುತ್ತ ಆ ರಾತ್ರಿ ಇನ್ನೂ ಒಂದು ಗಂಟೆ ಎಚ್ಚರವಾಗಿದ್ದೆ.

ಡಿಸೆಂಬರಿನ ಒಂದು ಬೆಳಗಿನ ಜಾವ ಎಚ್ಚರವಾದಾಗ ಕೈಕಾಲು ಆಡಲಿಲ್ಲ. ಕಣ್ಣು ಬಿಟ್ಟಿತ್ತು, ಫ್ಯಾನು ಕಾಣುತ್ತಿತ್ತು, ಪಕ್ಕದ ಮಂಚದವಳ ಉಸಿರೂ ಕೇಳುತ್ತಿತ್ತು. ಕೂಗಲು ದನಿ ಹೊರಡಲಿಲ್ಲ. ಎದೆಯ ಮೇಲೆ ಯಾರೋ ಮಂಡಿಯೂರಿ ಕೂತಂಥ ಭಾರ. ಒಂದೆರಡು ನಿಮಿಷವೋ ಇನ್ನೂ ಕಡಿಮೆಯೋ, ಆಮೇಲೆ ತಟ್ಟನೆ ಬಿಟ್ಟಿತು. ಬೆವರಿ ತೊಪ್ಪೆಯಾಗಿದ್ದೆ. ಬೆಳಗ್ಗೆ ಹೇಳಿದಾಗ ರೂಮಿನವಳು, "ಈ ರೂಮಲ್ಲಿ ಮುಂಚೆನೂ ಒಬ್ಬಳಿಗೆ ಹೀಗೇ ಆಗಿತ್ತಂತೆ ಕಣೇ" ಎಂದಳು. ಸಂಜೆಯೊಳಗೆ ಕಿಟಕಿಯ ಮೇಲೆ ನಿಂಬೆಹಣ್ಣು, ನನ್ನ ದಿಂಬಿನ ಕೆಳಗೆ ತರಕಾರಿ ಹೆಚ್ಚುವ ಚಾಕು ಬಂದು ಕೂತವು. ಕಬ್ಬಿಣ ಇದ್ದರೆ ಹತ್ತಿರ ಬರುವುದಿಲ್ಲವಂತೆ. ಯಾವುದು ಬರುವುದಿಲ್ಲ ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಲ್ಲಿಂದ ಮುಂದೆ ನಿದ್ದೆ ಬಾರದಿರುವುದರ ಜೊತೆಗೆ, ಬಂದರೆ ಏನಾಗುವುದೋ ಎಂಬ ಭಯವೂ ಸೇರಿತು.

ಸಂಕ್ರಾಂತಿಗೆ ಊರಿಗೆ ಹೋದೆ. ಶಕ್ತಿ ಯೋಜನೆಯ ದಯೆ, ಆಧಾರ್ ತೋರಿಸಿದರೆ ಬಸ್ಸಿಗೆ ಖರ್ಚಿಲ್ಲ. ನನ್ನ ಕಣ್ಣಿನ ಸುತ್ತಲಿನ ಕಪ್ಪು ನೋಡಿ ಅಜ್ಜಿ ಒಂದೇ ಮಾತು ಹೇಳಿದರು: "ಗಾಳಿ ಸೋಕಿದೆ." ಉಪ್ಪು, ಒಣಮೆಣಸಿನಕಾಯಿ, ಪೊರಕೆ ಕಡ್ಡಿ ನಿವಾಳಿಸಿ ಒಲೆಗೆ ಹಾಕಿದರು. ಮರುದಿನ ಪಕ್ಕದೂರಿನಲ್ಲಿ ಅಂತ್ರ, ಅಂದರೆ ತಾಯತ, ಕಟ್ಟಿಸಿದರು. ಇಂತಿಷ್ಟೇ ಕೊಡಬೇಕು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಆದರೆ ತೆಂಗಿನಕಾಯಿ, ನಿಂಬೆಹಣ್ಣು, ಕರಿದಾರ, ತಾಮ್ರದ ತಗಡು, ದಕ್ಷಿಣೆ, ಆಟೋ ಎಲ್ಲ ಸೇರಿ ಸಾವಿರದ ಹತ್ತಿರ ಹೋಯಿತು. ರಾತ್ರಿ ಅಂಗಾಲಿಗೆ, ನೆತ್ತಿಗೆ ಹರಳೆಣ್ಣೆ. ಊಟಕ್ಕೆ ಗಸಗಸೆ ಪಾಯಸ. ಆಮೇಲೆ ವಿಚಾರಣೆ: "ಅಲ್ಲಿ ಯಾವ ಕಡೆ ತಲೆ ಹಾಕಿ ಮಲಗ್ತೀಯ?" ಲೆಕ್ಕ ಹಾಕಿದರೆ ಉತ್ತರಕ್ಕೆ! ಉತ್ತರಕ್ಕೆ ತಲೆ ಹಾಕಿ ಮಲಗಿದ್ದ ಆನೆಯ ತಲೆಯೇ ಗಣಪತಿಗೆ ಬಂದದ್ದು ಎಂಬ ಕಥೆಯನ್ನು ಹೊಸದಾಗಿ ಕೇಳಿಸಿಕೊಂಡೆ.

ಹೇಳಲೇಬೇಕು, ಊರಲ್ಲಿದ್ದಷ್ಟು ರಾತ್ರಿ ನಿದ್ದೆ ಬಂತು. ಅಂತ್ರದ್ದೇ ಮಹಿಮೆ ಎಂದು ಮನೆಯವರು ನಂಬಿದರು. ನಾನೂ ಅರ್ಧ ನಂಬಿದೆ. ಮೈಸೂರಿಗೆ ಬಂದ ಮೂರನೆಯ ರಾತ್ರಿಗೆ ಮತ್ತೆ ಗೋಡೆ.

ಅಂಥದೊಂದು ರಾತ್ರಿ 14416ಕ್ಕೆ ಫೋನು ಮಾಡಿದೆ. ಇದು ಟೆಲಿ ಮಾನಸ್, 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ. ದಿನದ ಇಪ್ಪತ್ತನಾಲ್ಕು ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆ ಕಡೆಯಿದ್ದವರು ಆತುರಪಡಲಿಲ್ಲ. ಎಷ್ಟು ತಿಂಗಳಿಂದ, ವಾರಕ್ಕೆ ಎಷ್ಟು ರಾತ್ರಿ, ಊಟ ಹೇಗಿದೆ, ಬದುಕೇ ಬೇಡ ಅನ್ನಿಸುತ್ತಾ ಎಂದೆಲ್ಲ ಕೇಳಿದರು. ಸರ್ಕಾರಿ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಿ, ಥೈರಾಯ್ಡ್ ಒಂದು ನೋಡಿಸಿಕೊಳ್ಳಿ ಎಂದರು.

'ಮನೋವೈದ್ಯ' ಎಂಬ ಮಾತಿಗೆ ಹೆದರಿ ನಡುವೆ ಒಂದು ಖಾಸಗಿ ಆಸ್ಪತ್ರೆಗೆ ಹೋಗಿ ಬಂದೆ. ಅಲ್ಲಿ ಐದು ನಿಮಿಷ ಮಾತಾಡಿ, ತಲೆಗೆ ಎದೆಗೆ ವೈರು ಅಂಟಿಸಿ ಇಡೀ ರಾತ್ರಿ ಮಲಗಿಸುವ ಪರೀಕ್ಷೆ ಬರೆದರು. ಹತ್ತು ಸಾವಿರದ ಮೇಲೆ. ಮಾಡಿಸಲಿಲ್ಲ. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಹಗಲು ಕೂತಲ್ಲೇ ನಿದ್ದೆಗೆ ಜಾರುವುದು ಇಂಥವಿದ್ದರೆ ಆ ಪರೀಕ್ಷೆ ಬೇಕು, ಬರೀ ನಿದ್ದೆ ಬಾರದಿರುವುದಕ್ಕೆ ಸಾಮಾನ್ಯವಾಗಿ ಬೇಡ ಎಂದು ಆಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ಹೇಳಿದರು. ಯಾರಾದರೂ ಮೊದಲ ದಿನವೇ ಬರೆದುಕೊಟ್ಟರೆ, ಏಕೆ ಎಂದು ಕೇಳಿ.

ಸರ್ಕಾರಿ ಆಸ್ಪತ್ರೆಯ ಓಪಿಡಿ (ಹೊರರೋಗಿ ವಿಭಾಗ) ಚೀಟಿಗೆ ಹತ್ತಿಪ್ಪತ್ತು ರೂಪಾಯಿ. ಕಾಯುವುದೇ ನಿಜವಾದ ಖರ್ಚು. ಒಂಬತ್ತಕ್ಕೆ ಚೀಟಿ ಕೌಂಟರಿನ ಸಾಲು, ಹತ್ತೂವರೆಗೆ ವಿಭಾಗದ ಮುಂದಿನ ಬೆಂಚು, ಹೆಸರು ಕೂಗಿದಾಗ ಒಂದು ಗಂಟೆ ಹತ್ತಿರ. ಆಧಾರ್, ಕಾಲೇಜಿನ ಐಡಿ, ಮನೆಯ ಬಿಪಿಎಲ್ ಕಾರ್ಡಿನ ಜೆರಾಕ್ಸ್ ಇಟ್ಟುಕೊಳ್ಳಿ. ಕಾರ್ಡ್ ತೋರಿಸಿದ್ದಕ್ಕೆ ನನ್ನ ರಕ್ತಪರೀಕ್ಷೆಯ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯಿತು. ಫೋನಿನಲ್ಲಿ ಆಭಾ ಸಂಖ್ಯೆ (ಸರ್ಕಾರದ ಆರೋಗ್ಯ ಗುರುತಿನ ಸಂಖ್ಯೆ) ಮಾಡಿಕೊಂಡಿದ್ದರೆ ಗೋಡೆಯ ಮೇಲಿನ ಕ್ಯೂಆರ್ ಸ್ಕ್ಯಾನ್ ಮಾಡಿ ಟೋಕನ್ ಪಡೆಯಬಹುದು, ಸಾಲು ಅರ್ಧ ಕರಗುತ್ತದೆ. ನನಗೆ ಇದು ಗೊತ್ತಾದದ್ದು ಎರಡನೆಯ ಸಲ. ಬೆಂಚಿನ ಮೇಲೆ ಯಾರಾದರೂ ಪರಿಚಯದವರು ಕಂಡಾರೆಂದು ದುಪಟ್ಟಾ ತಲೆಗೆ ಹೊದ್ದು ಕೂತಿದ್ದೆ. ಪಕ್ಕದಲ್ಲಿ ಕೂತ ಹುಡುಗನೂ ಎಂಜಿನಿಯರಿಂಗ್ ವಿದ್ಯಾರ್ಥಿ, ಅವನೂ ಮಾಸ್ಕ್ ತೆಗೆದಿರಲಿಲ್ಲ.

ಒಳಗೆ ಅರ್ಧ ಗಂಟೆ ಕೇಳಿದರು. ಎಷ್ಟಕ್ಕೆ ಮಲಗುವುದು, ಎಷ್ಟಕ್ಕೆ ಏಳುವುದು, ಭಾನುವಾರ ಎಷ್ಟಕ್ಕೆ, ಕೊನೆಯ ಕಾಫಿ ಯಾವಾಗ, ರಾತ್ರಿ ಕಾಲು ಎಳೆದಂತಾಗಿ ಆಡಿಸಬೇಕು ಅನ್ನಿಸುತ್ತದಾ. ಆಮೇಲೆ ಎರಡು ಪ್ರಶ್ನಾವಳಿ. ಒಂದು ಹಗಲು ತೂಕಡಿಕೆಯನ್ನು ಅಳೆಯುವ ಎಪ್‌ವರ್ತ್ ಮಾಪನ, ಬರೀ ಎಂಟು ಪ್ರಶ್ನೆ: ಟಿವಿ ನೋಡುವಾಗ, ಊಟವಾದ ಮೇಲೆ ಕೂತಾಗ, ವಾಹನದಲ್ಲಿ ಹೋಗುವಾಗ ತೂಕಡಿಸುವ ಸಾಧ್ಯತೆ ಎಷ್ಟು ಎಂಬಂಥವು. ಇನ್ನೊಂದು ಕಳೆದ ಒಂದು ತಿಂಗಳ ನಿದ್ದೆಯದ್ದು, ಪಿಟ್ಸ್‌ಬರ್ಗ್ ಸೂಚ್ಯಂಕ. ವಾರಕ್ಕೆ ಮೂರು ರಾತ್ರಿಯಾದರೂ, ಮೂರು ತಿಂಗಳಾದರೂ ಹೀಗಿದ್ದರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ನನ್ನದು ಆಗಲೇ ಗಡಿಯ ಮೇಲಿತ್ತು.

ಎದೆಯ ಮೇಲಿನ ಭಾರದ ವಿಷಯ ಹೇಳಲೋ ಬೇಡವೋ ಎಂದು ತಡವರಿಸಿದೆ. ಡಾಕ್ಟರ್ ನಗಲಿಲ್ಲ. ಕನಸು ಬೀಳುವ ಹಂತದಲ್ಲಿ ಕನಸಿನಂತೆ ಕೈಕಾಲು ಆಡದಿರಲೆಂದು ಮೆದುಳು ಸ್ನಾಯುಗಳನ್ನು ಸಡಿಲ ಬಿಟ್ಟಿರುತ್ತದೆ. ಆ ಹಂತ ಪೂರ್ತಿ ಮುಗಿಯುವ ಮುನ್ನ ಎಚ್ಚರವಾದರೆ ಕಣ್ಣು ತೆರೆದಿರುತ್ತದೆ, ಮೈ ಏಳುವುದಿಲ್ಲ, ಕನಸಿನ ಭಯ ಮಾತ್ರ ಕೋಣೆಯಲ್ಲಿ ಉಳಿದಿರುತ್ತದೆ. ನಿದ್ದೆ ಕಡಿಮೆಯಾದವರಿಗೆ, ಹೊತ್ತು ತಪ್ಪಿ ಮಲಗುವವರಿಗೆ, ಅಂಗಾತ ಮಲಗಿದಾಗ ಇದು ಹೆಚ್ಚು. "ದೆವ್ವ ಅಂತ ಅಂದುಕೊಂಡ್ರಾ?" ಎಂದು ಕೇಳಿದರು. ಹೌದೆಂದೆ. "ಎಲ್ಲರೂ ಅಂದುಕೊಳ್ತಾರಮ್ಮ. ಅಂತ್ರ ಇರಲಿ, ತೆಗೀಬೇಡಿ. ಆ ರೂಮಿನ ಕಥೆ ಮಾತ್ರ ಮಲಗೋ ಹೊತ್ತಿಗೆ ಮಾತಾಡಬೇಡಿ." ಆ ಒಂದು ಮಾತಿನಿಂದ ನನ್ನ ಅರ್ಧ ಭಾರ ಇಳಿಯಿತು. ಇದನ್ನು ಡಿಸೆಂಬರಿನಲ್ಲೇ ಯಾರಾದರೂ ಹೇಳಿದ್ದರೆ ಒಂದು ತಿಂಗಳ ಭಯ ತಪ್ಪುತ್ತಿತ್ತು.

ಮಾತ್ರೆ ಕೊಡುತ್ತಾರೆ ಎಂದು ಕಾದಿದ್ದೆ. ಕೊಟ್ಟದ್ದು ಡೈರಿಯ ಹಾಳೆ. ಇಂಥ ನಿದ್ರಾಹೀನತೆಗೆ ಮೊದಲು ಕೊಡಬೇಕಾದ ಚಿಕಿತ್ಸೆ ಅಭ್ಯಾಸ ತಿದ್ದುವ ಮಾತಿನ ಚಿಕಿತ್ಸೆಯೇ, ಮಾತ್ರೆ ಆಮೇಲೆ ಎಂಬುದು ಈಗ ದೇಶವಿದೇಶದ ವೈದ್ಯರು ಒಪ್ಪಿದ ಕ್ರಮವಂತೆ. ಕ್ಲಿನಿಕಲ್ ಸೈಕಾಲಜಿಸ್ಟ್ ಮೇಡಂ ಎರಡು ವಾರ ಬರೆಯಲು ಹೇಳಿದರು: ಮಲಗಿದ್ದು, ನಿದ್ದೆ ಬಂದದ್ದು, ನಡುವೆ ಎದ್ದದ್ದು, ಬೆಳಗ್ಗೆ ಎದ್ದದ್ದು, ಕಾಫಿ. "ಹರಳೆಣ್ಣೆ, ದಿಕ್ಕು, ಮನೆಮದ್ದು ಎಲ್ಲ ಇದೆಯಲ್ಲ, ಅದಕ್ಕೂ ಒಂದು ಕಾಲಂ ಹಾಕಿ" ಎಂದರು. ನನ್ನ ಮಟ್ಟಿಗೆ ಇಡೀ ಚಿಕಿತ್ಸೆಯ ತಿರುಳು ಆ ಕಾಲಮ್ಮು. ಅಜ್ಜಿಯನ್ನು ಬಿಡು ಎಂದು ಆಸ್ಪತ್ರೆಯಲ್ಲಿ ಯಾರೂ ಹೇಳಲಿಲ್ಲ, ಅಜ್ಜಿ ಹೇಳಿದ್ದನ್ನು ಬರೆದು ನೋಡು ಎಂದರು.

ಬರೆದಾಗ ಸಿಕ್ಕಿದ್ದು ಹೀಗೆ. ಹರಳೆಣ್ಣೆ ಹಚ್ಚಿದ ರಾತ್ರಿ ಬೇಗ ನಿದ್ದೆ ಬರುತ್ತಿತ್ತು. ಎಣ್ಣೆಯ ಗುಣವೋ ಏನೋ, ಜಿಡ್ಡುಗೈಯಲ್ಲಿ ಫೋನು ಮುಟ್ಟಲಾಗುತ್ತಿರಲಿಲ್ಲ ಎಂಬುದಂತೂ ಖಂಡಿತ. ಗಸಗಸೆ ಪಾಯಸ ಊಟದ ಜೊತೆಗಾದರೆ ಸರಿ, ಹತ್ತು ಗಂಟೆಗೆ ಲೋಟ ತುಂಬ ಕುಡಿದರೆ ಹೊಟ್ಟೆ ಭಾರ. ಜಾಜಿಕಾಯಿಯನ್ನು ಅಜ್ಜಿ ಕಲ್ಲಿನ ಮೇಲೆ ಒಂದೆರಡು ಸುತ್ತು ತೇಯ್ದು ಕೊಡುತ್ತಿದ್ದರು. ಚಮಚಗಟ್ಟಲೆ ಪುಡಿ ಹಾಕಿಕೊಳ್ಳುವವರಿಗೆ ಒಂದು ಮಾತು: ಹೆಚ್ಚಾದರೆ ಅದು ವಿಷ, ಎದೆ ಬಡಿತ ಏರಿ ಭ್ರಮೆಯೂ ಆಗುತ್ತದೆ. ಉತ್ತರ ದಿಕ್ಕಿನ ವಿಷಯದಲ್ಲಿ ಮೇಡಂಗೆ ಅಭಿಪ್ರಾಯವೇ ಇರಲಿಲ್ಲ. ಅಜ್ಜಿಯ ಸಮಾಧಾನಕ್ಕೆ ಮಂಚವನ್ನು ಪೂರ್ವಕ್ಕೆ ತಿರುಗಿಸಿದೆ. ಬಾಗಿಲ ಮೇಲಿನ ಕಿಂಡಿಯಿಂದ ಕಾರಿಡಾರಿನ ಟ್ಯೂಬ್‌ಲೈಟು ನೇರ ಮುಖಕ್ಕೆ ಬೀಳುತ್ತಿದ್ದದ್ದು ಅದರಿಂದ ತಪ್ಪಿತು!

ಮೇಡಂ ಕೊಟ್ಟ ಅಚ್ಚಿನ ಹಾಳೆಯಲ್ಲಿದ್ದ ಮುಖ್ಯ ನಿಯಮ, ಹಾಸಿಗೆಯನ್ನು ನಿದ್ದೆಗೆ ಬಿಟ್ಟು ಬೇರೆ ಯಾವುದಕ್ಕೂ ಬಳಸಬಾರದು ಎಂಬುದು. ಅದರ ಮೇಲೆ ಕೂತು ಓದಬಾರದು, ತಿನ್ನಬಾರದು. ಓದಿ ನಗು ಬಂತು. ಮನೆಯಲ್ಲಿ ಎದ್ದ ಕೂಡಲೇ ಚಾಪೆ ಸುತ್ತಿಡದಿದ್ದರೆ ಅಜ್ಜಿ ಬೈಯುತ್ತಿದ್ದರು, ಹಾಸಿಗೆ ಮೇಲೆ ಕೂತು ಉಂಡರೆ ದರಿದ್ರ ಎನ್ನುತ್ತಿದ್ದರು. ದೀಪ ಹಚ್ಚುವ ಹೊತ್ತಲ್ಲಿ ಮಲಗಿದರೆ ಲಕ್ಷ್ಮಿ ಹೊರಟುಹೋಗುತ್ತಾಳೆ ಎಂಬುದೂ ಹಾಳೆಯಲ್ಲಿತ್ತು, ಲಕ್ಷ್ಮಿಯ ಬದಲು 'ಸಂಜೆ ಮಲಗಿದರೆ ರಾತ್ರಿಯ ನಿದ್ದೆಯ ಸೆಳೆತ ಕಡಿಮೆಯಾಗುತ್ತದೆ' ಎಂದಿತ್ತು. ಹಾಸ್ಟೆಲಿನಲ್ಲಿ ಮಂಚವೇ ಮೇಜು, ಮಂಚವೇ ಊಟದ ಮನೆ, ಬಂದವರಿಗೆ ಸೋಫಾ. ಬೆಳಗ್ಗೆ ಗಾದಿ ಸುತ್ತಿಟ್ಟು, ಬರೀ ಹಲಗೆಯ ಮೇಲೆ ಕೂತು ಓದುವುದನ್ನು ರೂಢಿ ಮಾಡಿಕೊಂಡೆ. ರೂಮಿನವರು ಗೊಣಗಿದರು, ಆಮೇಲೆ ಒಗ್ಗಿದರು.

ನಾಲ್ಕರ ಅಲಾರಂ ಮಾತ್ರ ಉಳಿಯಲಿಲ್ಲ. ಸೂರ್ಯೋದಯಕ್ಕೆ 96 ನಿಮಿಷ ಮುಂಚೆ ಶುರುವಾಗಿ 48 ನಿಮಿಷ ಮುಂಚೆ ಮುಗಿಯುವುದು ಬ್ರಾಹ್ಮೀ ಮುಹೂರ್ತ. ಜನವರಿ ಕೊನೆಯಲ್ಲಿ ಮೈಸೂರಿನಲ್ಲಿ ಸೂರ್ಯ ಹುಟ್ಟುವುದು ಆರೂಮುಕ್ಕಾಲರ ಸುಮಾರಿಗೆ. ಅಂದರೆ ಮುಹೂರ್ತ ಶುರುವಾಗುವುದೇ ಐದು ದಾಟಿದ ಮೇಲೆ! ಚಿಕ್ಕಪ್ಪನ ಸ್ನೇಹಿತರೊಬ್ಬರು ಆಯುರ್ವೇದ ವೈದ್ಯರು. ಅವರನ್ನು ಕೇಳಿದೆ. ಆಹಾರ, ನಿದ್ದೆ, ಬ್ರಹ್ಮಚರ್ಯ ಈ ಮೂರನ್ನು ಚರಕಸಂಹಿತೆ ದೇಹದ ಊರುಗೋಲು ಎನ್ನುತ್ತದೆ, ಮುಹೂರ್ತದಲ್ಲಿ ಏಳಬೇಕು ಎಂದು ಅಷ್ಟಾಂಗಹೃದಯ ಹೇಳುವುದು ಆರೋಗ್ಯವಂತರಿಗೆ, ನೀನೀಗ ರೋಗಿ ಎಂದರು. ಈ ಉತ್ತರವನ್ನು ಅಜ್ಜಿ ಡಾಕ್ಟರ ಉತ್ತರಕ್ಕಿಂತ ಬೇಗ ಒಪ್ಪಿದರು. ಇಪ್ಪತ್ತರ ಆಸುಪಾಸಿನಲ್ಲಿ ದೇಹದ ಗಡಿಯಾರವೇ ತಡವಾಗಿ ಓಡುತ್ತದೆ, ಆ ವಯಸ್ಸಿಗೆ ಏಳರಿಂದ ಒಂಬತ್ತು ಗಂಟೆ ನಿದ್ದೆ ಬೇಕು ಎಂಬುದು ಆಸ್ಪತ್ರೆಯ ಪಾಠ.

ಮುಂದಿನ ಹಂತ ಕಠಿಣವಾದದ್ದು. ಡೈರಿಯ ಪ್ರಕಾರ ಎಂಟೂವರೆ ಗಂಟೆ ಹಾಸಿಗೆಯಲ್ಲಿ ಕಳೆದು ಆರು ಗಂಟೆಗೂ ಕಡಿಮೆ ನಿದ್ದೆ ಮಾಡುತ್ತಿದ್ದೆ. ಹಾಗಾಗಿ ಹಾಸಿಗೆಯಲ್ಲಿರಲು ನನಗೆ ಸಿಕ್ಕಿದ್ದು ಆರು ಗಂಟೆ ಮಾತ್ರ, ರಾತ್ರಿ ಹನ್ನೆರಡೂವರೆಯಿಂದ ಬೆಳಗ್ಗೆ ಆರೂವರೆ. ಭಾನುವಾರವೂ ಅಷ್ಟೇ. ಇಪ್ಪತ್ತು ನಿಮಿಷ ನಿದ್ದೆ ಬರಲಿಲ್ಲ ಅನ್ನಿಸಿದರೆ ಎದ್ದು ಹೊರಗೆ ಕೂರಬೇಕು, ನಿದ್ದೆ ಬಂದಾಗಲೇ ಒಳಗೆ. ಹಾಸಿಗೆಯಲ್ಲಿ ಕಳೆದ ಹೊತ್ತಿನ ಶೇ 85 ನಿದ್ದೆಯಾದರೆ ವಾರಕ್ಕೆ ಕಾಲು ಗಂಟೆ ಹೆಚ್ಚು. ಮೊದಲ ವಾರ ನರಕ, ಬಸ್ಸಿನಲ್ಲಿ ನಿಂತೇ ತೂಕಡಿಸಿದೆ. ಇದನ್ನು ನೀವೇ ಮಾಡಿಕೊಳ್ಳಲು ಹೋಗಬೇಡಿ. ಮೂರ್ಛೆರೋಗ ಇದ್ದವರಿಗೆ, ಬೈಪೋಲಾರ್ (ಉನ್ಮಾದ-ಖಿನ್ನತೆಯ ಕಾಯಿಲೆ) ಇದ್ದವರಿಗೆ ನಿದ್ದೆ ಕಡಿತ ಅಪಾಯ.

ರಾತ್ರಿ ಎರಡಕ್ಕೆ ಕಾರಿಡಾರಿನಲ್ಲಿ ಕೂರುವುದೆಂದರೆ ಏನೆಂದು ಆಸ್ಪತ್ರೆಯ ಹಾಳೆ ಬರೆದವರಿಗೆ ಗೊತ್ತಿರಲಿಕ್ಕಿಲ್ಲ. ಚಳಿಗೆ ಬಿಳಿ ಬೆಡ್‌ಶೀಟ್ ಹೊದ್ದು, ಕೂದಲು ಬಿಚ್ಚಿಕೊಂಡು, ನೋಟಿಸ್ ಬೋರ್ಡ್ ಕೆಳಗಿನ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದೆ. ಬಾತ್‌ರೂಮಿಗೆಂದು ಬಂದ ಹುಡುಗಿ ಕಿಟಾರನೆ ಕಿರುಚಿದಳು. ಬೆಳಗಾಗುವುದರೊಳಗೆ ನನಗೆ ಮೆಟ್ಟಿಕೊಂಡಿದೆ ಎಂಬುದು ಮೂರೂ ಮಹಡಿಗೆ ಗೊತ್ತಾಗಿತ್ತು. ಚಿಕಿತ್ಸೆಯೇ ರೋಗದ ಸಾಕ್ಷಿಯಾಯಿತು! ವಾರ್ಡನ್ ಮೇಡಂ ಕರೆಸಿದರು. ಮನೆಗೆ ಫೋನು ಮಾಡುತ್ತೇನೆಂದೂ ಹೇಳಿದರು. ಓಪಿಡಿ ಚೀಟಿ ತೋರಿಸಿದೆ. ಮುಂದಿನ ಭೇಟಿಯಲ್ಲಿ ಸೈಕಾಲಜಿಸ್ಟ್ ಮೇಡಂ ಅದರ ಹಿಂದೆಯೇ ಮೂರು ಸಾಲು ಬರೆದುಕೊಟ್ಟರು. ಆಮೇಲೆ ವಾರ್ಡನ್ ಅವರೇ ರೀಡಿಂಗ್ ರೂಮಿನ ಕೀಲಿ ಕೊಟ್ಟು, "ಅಲ್ಲಿ ಕೂತ್ಕೊಳಮ್ಮ, ಜಡೆ ಹಾಕ್ಕೊಂಡು" ಎಂದರು. ಶುರುಮಾಡುವ ಮುಂಚೆಯೇ ವಾರ್ಡನ್‌ಗೂ ರೂಮಿನವರಿಗೂ ಹೇಳಿಬಿಡಿ.

ನಡುವೆ ಶಿವರಾತ್ರಿ ಬಂತು. ನನ್ನ ನಿದ್ದೆ ಸರಿಹೋಗಲೆಂದು ಅಮ್ಮ ಹೊತ್ತ ಹರಕೆ, ನಾನು ಜಾಗರಣೆ ಕೂರಬೇಕು ಎಂಬುದು! ಫೋನಿನಲ್ಲೇ ಜಗಳ. ತೀರ್ಪು ಕೊಟ್ಟವರು ಅಜ್ಜಿ: "ಮಕ್ಕಳಿಗೆ, ಬಸುರಿಗೆ, ಕಾಯಿಲೆಯವರಿಗೆ ಉಪವಾಸವೂ ಇಲ್ಲ ಜಾಗರಣೆಯೂ ಇಲ್ಲ. ಹನ್ನೆರಡರವರೆಗೆ ಕೂತು ಮಲಕ್ಕೋ ಮಗಾ, ಉಳಿದದ್ದು ನಾನು ಕೂರ್ತೀನಿ." ಆಗ ನನ್ನ ಮಲಗುವ ಹೊತ್ತೇ ಹನ್ನೆರಡೂಕಾಲು. ವ್ರತವೂ ಆಯಿತು, ಡೈರಿಯೂ ಕೆಡಲಿಲ್ಲ.

ಮಾರ್ಚ್ ಕೊನೆಗೆ ಹನ್ನೊಂದೂಕಾಲರಿಂದ ಆರೂವರೆಗೆ ಬಂದು ನಿಂತೆ. ಬೆಳಗ್ಗೆ ಎದ್ದ ಕೂಡಲೇ ಬೆಳಕಿಗೆ ಹೋಗಬೇಕೆಂದು ಹೇಳಿದ್ದರಿಂದ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುತ್ತೇನೆ. ಮಧ್ಯಾಹ್ನ ಎರಡರ ನಂತರ ಕಾಫಿ ಇಲ್ಲ. ಎದೆಯ ಭಾರ ಆಮೇಲೆ ಒಮ್ಮೆ ಬಂದಿತ್ತು. ಏನೆಂದು ಗೊತ್ತಿದ್ದರಿಂದ ಕಾಲಿನ ಹೆಬ್ಬೆರಳು ಆಡಿಸಲು ನೋಡುತ್ತ ಮಲಗಿದೆ, ಹೋಯಿತು.

ಉಳಿದದ್ದು ಹಾಜರಾತಿ. ನಮ್ಮಲ್ಲಿ ಶೇ 75 ಬೇಕು, ನನ್ನದು ಕಡಿಮೆ ಬಿದ್ದಿತ್ತು. ಅಮ್ಮ, "ಜ್ವರ ಅಂತ ಬರೆಸ್ಕೊಂಡು ಬಾ. ಆ ವಿಭಾಗದ ಸೀಲು ಬಿದ್ದರೆ ನಾಳೆ ಗಂಡಿನ ಕಡೆಯವರಿಗೆ ಏನು ಹೇಳೋದು?" ಎಂದು ಅತ್ತರು. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ರೋಗಿಯ ವಿವರ ಗುಟ್ಟಾಗಿಡಿಸುವ ಹಕ್ಕಿದೆ ಎಂದು ವಿವರಿಸಿದೆ, ಸಮಾಧಾನವಾಗಲಿಲ್ಲ. ಡಾಕ್ಟರ್ 'ನಿದ್ರೆಯ ತೊಂದರೆಗೆ ಚಿಕಿತ್ಸೆಯಲ್ಲಿದ್ದಾರೆ' ಎಂದಷ್ಟೇ ಬರೆದರು. ಕಾಲೇಜಿನ ವಿಭಾಗದ ಕಚೇರಿಯಲ್ಲಿ ಮೊದಲ ಪ್ರಮಾಣಪತ್ರ ವಾಪಸ್ಸಾಯಿತು, ಡಾಕ್ಟರ ನೋಂದಣಿ ಸಂಖ್ಯೆ ಇರಲಿಲ್ಲ, 'ಇಂಥ ದಿನದಿಂದ ಇಂಥ ದಿನದವರೆಗೆ' ಎಂಬ ದಿನಾಂಕವೂ ಇರಲಿಲ್ಲ. ಎರಡನ್ನೂ ಆಸ್ಪತ್ರೆಯಲ್ಲೇ ನೋಡಿಕೊಂಡು ಬನ್ನಿ. ಡಾಕ್ಟರ್ ಬರೆಯುವುದು ಅವರು ನಿಮ್ಮನ್ನು ನೋಡಿದ ದಿನದಿಂದ ಮಾತ್ರ. ಅಂತ್ರ ಕಟ್ಟಿಸಿಕೊಂಡಿದ್ದ ಜನವರಿಯ ಗೈರುಹಾಜರಿಗೆ ನನಗೆ ಯಾವ ಕಾಗದವೂ ಸಿಗಲಿಲ್ಲ. ಉಳಿದಷ್ಟರಿಂದ ಹೇಗೋ ದಾಟಿದೆ.

ಒಟ್ಟು ಖರ್ಚು ನೋಡಿದರೆ ಆಸ್ಪತ್ರೆ, ರಕ್ತಪರೀಕ್ಷೆ, ಜೆರಾಕ್ಸ್ ಎಲ್ಲ ಸೇರಿಯೂ ಅಂತ್ರದಷ್ಟಾಗಲಿಲ್ಲ. ಅಂತ್ರ ಇನ್ನೂ ತೋಳಲ್ಲಿದೆ, ಅಜ್ಜಿಗೆ ಮಾತು ಕೊಟ್ಟಿದ್ದೇನೆ. ನನ್ನ ದಾರಿ ಎಲ್ಲರಿಗೂ ಹೊಂದುವುದಿಲ್ಲ: ಗೊರಕೆ, ಉಸಿರು ಕಟ್ಟುವುದು ಇದ್ದವರು ಕಿವಿ ಮೂಗು ಗಂಟಲು ಅಥವಾ ಶ್ವಾಸಕೋಶದ ವಿಭಾಗದಲ್ಲಿ ಕೇಳಿ. ರಾತ್ರಿ ಕಾಲು ಎಳೆಯುವವರು ಕಬ್ಬಿಣಾಂಶದ ಪರೀಕ್ಷೆ ಮಾಡಿಸಿ. ನಿದ್ದೆಗೆಟ್ಟ ರಾತ್ರಿಗಳಲ್ಲಿ ಸಾಯುವ ಯೋಚನೆ ಬರುತ್ತಿದ್ದರೆ ಓಪಿಡಿ ದಿನಕ್ಕೆ, ಮನೆಯವರ ಒಪ್ಪಿಗೆಗೆ ಕಾಯಬೇಡಿ. 14416ಕ್ಕೆ ಈಗಲೇ ಫೋನು ಮಾಡಿ, ರಾತ್ರಿ ಎರಡು ಗಂಟೆಯಾದರೂ ಸರಿ.